ತೆರೆದ ಬಾಗಿಲಿನ ಋಣ

ಬೀದರ ಜಿಲ್ಲೆಯ ಔರಾದ ಭಾಗದಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಊರು ಡಾಬಕಾ. ಅಲ್ಲಿ ಕಾಳುಕಡಿಯ ವ್ಯಾಪಾರ ಮಾಡಿಕೊಂಡಿರುವ ವೃದ್ಧ ಶ್ರಾವಕರೊಬ್ಬರು 2022ರ ಮೇ ತಿಂಗಳಲ್ಲಿ ಮಗನನ್ನು ಕಾಣಲು ಆಸ್ಟ್ರೇಲಿಯಾಕ್ಕೆ ಹೋದರು. ಎರಡೂವರೆ ವರ್ಷಗಳಿಂದ ಮುಖ ಕಾಣದ ಮಗನೂ, ಹುಟ್ಟಿದಂದಿನಿಂದ ಒಮ್ಮೆಯೂ ಎತ್ತಿಕೊಳ್ಳದ ಮೊಮ್ಮಗಳೂ ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಅವರಿಗಾಗಿ ಕಾದು ನಿಂತಿದ್ದರು. ಅಷ್ಟು ದಿನಗಳ ಹಂಬಲ ಕೈಗೂಡಿದ ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಪ್ರಯಾಣದ ಆಯಾಸವಿರಬೇಕೆಂದು ಸೊಸೆ ತಿಳಿದಳು. ಅವರನ್ನು ಕಾಡುತ್ತಿದ್ದುದು ಕೈಚೀಲದಲ್ಲಿದ್ದ ಒಂದು ಹಾಳೆ. ಎರಡು ಡೋಸ್ ಲಸಿಕೆ ಪಡೆದುದಕ್ಕೆ ಸರಕಾರ ಕೊಟ್ಟ ಪ್ರಮಾಣಪತ್ರವದು. ದಾರಿಯುದ್ದಕ್ಕೂ ಅದನ್ನು ತೋರಿಸುತ್ತ ಬಂದಿದ್ದ ಅವರಿಗೆ, ಅದನ್ನು ತಾವು ಯಾವ ಮನಸ್ಸಿನಿಂದ ಸಂಪಾದಿಸಿದ್ದೆಂಬ ಪ್ರಶ್ನೆ ಅಂದು ಮೊದಲ ಬಾರಿಗೆ ಎದುರಾಯಿತು.

ಅವರ ತಂದೆ ದಿಗ್ವ್ರತವನ್ನು ಪಾಲಿಸಿದವರು. ಗೃಹಸ್ಥನು ಎಲ್ಲ ದಿಕ್ಕುಗಳಲ್ಲಿಯೂ ತನ್ನ ಸಂಚಾರಕ್ಕೆ ತಾನೇ ಎಲ್ಲೆ ಹಾಕಿಕೊಳ್ಳುವ ಈ ಗುಣವ್ರತ ವಾಚಕರಿಗೆ ತಿಳಿದದ್ದೇ. ಎಲ್ಲೆಯ ಆಚೆಗಿರುವ ಜೀವಗಳಿಗೆ ತನ್ನಿಂದ ಬಾಧೆಯಾಗದಿರಲಿ, ಆಚೆಗಿನ ಲಾಭದ ಮೇಲೆ ಆಸೆ ಹುಟ್ಟದಿರಲಿ ಎಂಬುದು ಅದರ ತಾತ್ಪರ್ಯ. ಪಶ್ಚಿಮಕ್ಕೆ ಕುಂಥಲಗಿರಿ, ದಕ್ಷಿಣಕ್ಕೆ ಶ್ರವಣಬೆಳಗೊಳ, ಪೂರ್ವಕ್ಕೂ ಉತ್ತರಕ್ಕೂ ಸಮ್ಮೇದ ಶಿಖರ್ಜಿ. ಇಷ್ಟೇ ಆ ತಂದೆಯ ಜಗತ್ತು. ಮುಂಬಯಿಯಲ್ಲಿ ಅಡತ ಅಂಗಡಿ ತೆರೆಯುವ ಅವಕಾಶ ಮನೆಬಾಗಿಲಿಗೆ ಬಂದಾಗ ಅವರು ಒಲ್ಲೆನೆಂದರು. ಅದರಿಂದಾದ ನಷ್ಟವನ್ನು ತಾವೇ ಉಂಡರು, ಇನ್ನೊಬ್ಬರ ಮೇಲೆ ಹೊರಿಸಲಿಲ್ಲ. ಮಗನು ಬಾಲ್ಯದಲ್ಲಿ ಇದನ್ನು ಕಂಡಿದ್ದನಾದರೂ ಅದರ ಅರ್ಥ ಹೊಳೆಯಲು ಅರವತ್ತೆಂಟು ವರ್ಷ ದಾಟಬೇಕಾಯಿತು.

ತಂದೆಯ ಸಂಚಾರಕ್ಕೆ ವ್ರತ ಎಲ್ಲೆ ಹಾಕಿತ್ತು. ಮಗನ ಕಾಲಕ್ಕೆ ಆ ಕೆಲಸವನ್ನು ರೋಗ ಮಾಡಿತು. ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣ ಬೀದರದ ನೆರೆಯ ಕಲಬುರಗಿಯದು. ವಿದೇಶದಿಂದ ಮರಳಿದ್ದ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಅದೇ ತಿಂಗಳ 20ರಂದು ಆಸ್ಟ್ರೇಲಿಯಾ ತನ್ನ ಗಡಿಯನ್ನು ಮುಚ್ಚಿತು. 23ರಿಂದ ಭಾರತದ ಅಂತರರಾಷ್ಟ್ರೀಯ ನಿಯತ ವಿಮಾನಗಳು ನಿಂತವು. ಬೀದರಿನಿಂದ ಬೆಂಗಳೂರಿಗೆ ವಿಮಾನ ಹಾರಲಾರಂಭಿಸಿ ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಡಾಬಕಾದವರಿಗೆ ದೂರದ ಗಡಿಗಿಂತ ಹತ್ತಿರದ ಗಡಿ ಹೆಚ್ಚು ನೋಯಿಸಿತು. ಹೆಣ್ಣು ಕೊಟ್ಟು ತಂದ ಸಂಬಂಧಗಳೆಲ್ಲ ಉದಗೀರ, ದೇಗಲೂರುಗಳ ಕಡೆಗೆ ಹಬ್ಬಿದ ಊರದು. 2021ರಲ್ಲಿ ಮಹಾರಾಷ್ಟ್ರದಿಂದ ಬರುವವರು ಸೋಂಕಿಲ್ಲವೆಂಬ ಪರೀಕ್ಷಾ ವರದಿ ತೋರಿಸಬೇಕಾದಾಗ, ತವರುಮನೆಯೇ ಪರದೇಶವಾಯಿತೆಂದು ಹೆಣ್ಣುಮಕ್ಕಳು ಮರುಗಿದರು.

2021ರ ಜನವರಿ 16ರಂದು ದೇಶದಲ್ಲಿ ಲಸಿಕೆಯ ಕಾರ್ಯ ಆರಂಭವಾಯಿತು. ಮಾರ್ಚ್ 1ರಿಂದ ಅರವತ್ತು ದಾಟಿದವರ ಸರದಿ. ಆಶಾ ಕಾರ್ಯಕರ್ತೆ ಅಂಗಡಿಗೇ ಬಂದು, “ಕಾಕಾ, ನೀವು ಮೊದಲ ಬಂದ್ರ ಊರ ಮಂದಿ ಹಿಂದ ಬರ್ತಾರ್ರಿ” ಎಂದಳು. ವ್ಯಾಪಾರಿ “ನೋಡೋಣ” ಎಂದು ಸುಮ್ಮನಾದರು. ಸೂಜಿ ಚುಚ್ಚಿಸಿಕೊಂಡವರು ಸತ್ತರೆಂಬ ಗಾಳಿಮಾತು ಸಂತೆಯಿಂದ ಸಂತೆಗೆ ಹಬ್ಬುತ್ತಿತ್ತು. ಬೇರೆಯವರಿಗೆ ಏನಾಗುವುದೋ ನೋಡಿಕೊಂಡು ಮುಂದುವರಿಯುವುದು ವ್ಯಾಪಾರದಲ್ಲಿ ಜಾಣತನವೆನಿಸುತ್ತದೆ. ಇಲ್ಲಿಯೂ ಅವರು ಅದನ್ನೇ ಮಾಡಿದರು. ಮಾರ್ಚ್ ಕಳೆಯಿತು, ಏಪ್ರಿಲ್ ಬಂದಿತು.

ಏಪ್ರಿಲ್ ನಡುವಿನಲ್ಲಿ ಅವರಿಗೆ ಮೂರು ದಿನ ಜ್ವರ ಬಂದಿತು. ಬಿಸಿಲಿನ ತಾಪವೆಂದುಕೊಂಡು, ತೊಗರಿಯ ಲೆಕ್ಕ ಬಾಕಿ ಇದ್ದುದರಿಂದ ಗಲ್ಲೆಯ ಮೇಲೆಯೇ ಕುಳಿತರು. ಎದುರಿನಲ್ಲಿ ತಕ್ಕಡಿ ಹಿಡಿಯುತ್ತಿದ್ದವನು ಇಪ್ಪತ್ತು ವರ್ಷಗಳಿಂದ ಅವರಲ್ಲಿ ದುಡಿಯುತ್ತಿದ್ದ, ನಲವತ್ತೊಂದು ವರ್ಷದ ಹಮಾಲ. ತಿಂಗಳ ಕೊನೆಗೆ ಅವನು ಮಲಗಿದನು. ಉಸಿರಾಟ ಕಷ್ಟವಾಗಿ, ಹದಿನೆಂಟು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಆಸರೆಯಲ್ಲಿ ಇದ್ದು ಬದುಕಿ ಬಂದನು. ಅನಂತರ ಮೂಟೆ ಎತ್ತುವ ಶಕ್ತಿ ಅವನಲ್ಲಿ ಉಳಿಯಲಿಲ್ಲ.

ಅವನ ವಯಸ್ಸಿನವರಿಗೆ ಲಸಿಕೆ ತೆರವಾದುದು ಮೇ 1ರಂದು. ಸಾಕಷ್ಟು ದಾಸ್ತಾನಿಲ್ಲದೆ ಮೇ 14ರಿಂದ ಕರ್ನಾಟಕದಲ್ಲಿ 18ರಿಂದ 44 ವರ್ಷದವರಿಗೆ ಅದನ್ನು ಕೆಲಕಾಲ ನಿಲ್ಲಿಸಲಾಯಿತು. ಬೇಕೆಂದರೂ ಅವನಿಗೆ ಅದು ಸಿಗುತ್ತಿರಲಿಲ್ಲ. ಬೇಡವೆಂದವರಿಗೆ ಎರಡು ತಿಂಗಳಿಂದ ಸಿಗುತ್ತಿತ್ತು. ಸೋಂಕು ಯಾರಿಂದ ಯಾರಿಗೆ ಹೋಯಿತೆಂದು ಯಾವ ವೈದ್ಯನೂ ಹೇಳಲಾರ. ಲಸಿಕೆಯು ಸೋಂಕನ್ನು ಸಂಪೂರ್ಣವಾಗಿ ತಡೆಯುವುದೂ ಇಲ್ಲ. ಸೋಂಕು ತಗಲುವ, ಹರಡುವ ಸಂಭವವನ್ನು ಕುಗ್ಗಿಸುತ್ತದೆ, ರೋಗ ಉಲ್ಬಣಿಸದಂತೆ ಬಹುಮಟ್ಟಿಗೆ ಕಾಯುತ್ತದೆ. ಆದುದರಿಂದ ನ್ಯಾಯಾಲಯದಲ್ಲಿ ವ್ಯಾಪಾರಿಯ ಮೇಲೆ ಯಾವ ದೋಷವೂ ನಿಲ್ಲದು. ಆದರೆ ಸಾಮಾಯಿಕಕ್ಕೆ ಕುಳಿತ ಮನಸ್ಸು ಸಾಕ್ಷಿ ಕೇಳುವುದಿಲ್ಲ. ಅವರು ಆಸ್ಪತ್ರೆಯ ಖರ್ಚನ್ನು ಕೊಟ್ಟರು, ಮನೆಗೆ ಜೋಳ, ಬೇಳೆ ಕಳುಹಿಸಿದರು. ಜ್ವರದ ಮಾತನ್ನು ಮಾತ್ರ ಆಡಲಿಲ್ಲ.

ಜೂನ್ ತಿಂಗಳಲ್ಲಿ ಅವರಿಗೆ ಇನ್ನೊಂದು ಕಾರಣ ದೊರೆಯಿತು. ಹೈದರಾಬಾದಿನಲ್ಲಿ ತಯಾರಾಗುತ್ತಿದ್ದ ಕೋವ್ಯಾಕ್ಸಿನ್ ಲಸಿಕೆಯಲ್ಲಿ ಎಳೆಗರುವಿನ ರಕ್ತಸಾರವಿದೆಯೆಂಬ ಸುದ್ದಿ ಮೊಬೈಲುಗಳಲ್ಲಿ ಹರಿದಾಡಿತು. ಜೂನ್ 16ರಂದು ಕೇಂದ್ರ ಆರೋಗ್ಯ ಸಚಿವಾಲಯ ಅದಕ್ಕೆ ಸ್ಪಷ್ಟನೆ ಕೊಟ್ಟಿತು. ಲಸಿಕೆಗೆ ಬೇಕಾದ ವೈರಾಣುವನ್ನು ವೀರೋ ಎಂಬ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಈ ಕೋಶಗಳ ಸಂತತಿಯನ್ನು 1962ರಲ್ಲಿ ಜಪಾನಿನಲ್ಲಿ ಆಫ್ರಿಕಾದ ಹಸಿರು ಕೋತಿಯೊಂದರ ಮೂತ್ರಪಿಂಡದಿಂದ ಪಡೆದರು. ಪೋಲಿಯೊ ಲಸಿಕೆಗೂ ಅದು ದಶಕಗಳಿಂದ ಬಳಕೆಯಲ್ಲಿದೆ. ಕರುವಿನ ರಕ್ತಸಾರ ಆ ಕೋಶಗಳಿಗೆ ಆಹಾರ. ಬೆಳೆದ ಕೋಶಗಳನ್ನು ತೊಳೆದು, ಅವುಗಳಲ್ಲಿ ವೈರಾಣುವನ್ನು ವೃದ್ಧಿಪಡಿಸಿ, ಅನಂತರ ಅದನ್ನು ಕೊಂದು ಶುದ್ಧೀಕರಿಸುತ್ತಾರೆ. ಕೊನೆಯಲ್ಲಿ ಸೀಸೆಗೆ ಸೇರುವ ಲಸಿಕೆಯಲ್ಲಿ ರಕ್ತಸಾರ ಇರುವುದಿಲ್ಲ.

ಇದರಿಂದ ಅಹಿಂಸಾವ್ರತಿಯ ಪ್ರಶ್ನೆ ಪೂರ್ಣವಾಗಿ ತೀರಿತೆಂದು ಹೇಳುವುದು ಪ್ರಾಮಾಣಿಕವಲ್ಲ. ಸೀಸೆಯಲ್ಲಿಲ್ಲದಿದ್ದರೂ ತಯಾರಿಕೆಯ ಹಾದಿಯಲ್ಲಿ ಕರುವಿನ ರಕ್ತ ಇದ್ದೇ ಇದೆ. ಸಂಕಲ್ಪೀ ಹಿಂಸೆಗೂ, ಜೀವನ ನಡೆಸುವಾಗ ಅನಿವಾರ್ಯವಾಗಿ ಒದಗುವ ಆರಂಭೀ ಹಿಂಸೆಗೂ ಭೇದವಿದೆಯೆಂದು ಹಿರಿಯರು ಹೇಳಿದ್ದಾರೆ. ಅನೇಕ ಶ್ರಾವಕರು ಆ ಭೇದವನ್ನು ಆಧರಿಸಿ, ಖೇದದಿಂದಲೇ ಲಸಿಕೆ ಪಡೆದರು. ಒಪ್ಪಲಾರದೆ ದೂರ ಉಳಿದವರೂ ಇದ್ದಿರಬಹುದು. ಅಂಥವನ ಸಂಕೋಚವನ್ನು ಹಾಸ್ಯ ಮಾಡಬೇಕಾಗಿಲ್ಲ. ಆದರೆ ಅವನಿಗೆ ಒಂದು ಕರ್ತವ್ಯ ಉಳಿಯುತ್ತದೆ. ಅವನು ಮನೆಯಲ್ಲಿರಬೇಕು, ಅಂಗಡಿ ಮುಚ್ಚಬೇಕು, ಮದುವೆ ಮುಂಜಿವೆಗಳ ಸಂದಣಿಯನ್ನು ಬಿಡಬೇಕು. ದಿಗ್ವ್ರತಿಯಂತೆ ತನ್ನ ಎಲ್ಲೆಯನ್ನು ತಾನೇ ಕುಗ್ಗಿಸಿಕೊಳ್ಳಬೇಕು. ವ್ರತದ ಬೆಲೆಯನ್ನು ವ್ರತ ಹಿಡಿದವನೇ ತೆರಬೇಕು. ತಕ್ಕಡಿ ಹಿಡಿಯುವವನು ತೆತ್ತರೆ ಅದು ವ್ರತವಲ್ಲ.

ಡಾಬಕಾದ ವ್ಯಾಪಾರಿ ಆಗ ಲಸಿಕೆಯನ್ನೂ ಪಡೆಯಲಿಲ್ಲ, ಅಂಗಡಿಯನ್ನೂ ಮುಚ್ಚಲಿಲ್ಲ. “ಕರುವಿನ ರಕ್ತ ಅದ ಅಂತಾರವ್ವಾ, ನಮ್ಮ ಧರ್ಮಕ್ಕ ಆಗೂದಿಲ್ಲ” ಎಂದು ಆಶಾ ಕಾರ್ಯಕರ್ತೆಯನ್ನು ಮತ್ತೆ ಹಿಂದಕ್ಕೆ ಕಳುಹಿಸಿದರು.

ಆಗಸ್ಟಿನಲ್ಲಿ ಮೆಲ್ಬರ್ನಿನಿಂದ ಮಗನ ಕರೆ ಬಂದಿತು. ಆಸ್ಟ್ರೇಲಿಯಾ ಒಂದು ಯೋಜನೆಯನ್ನು ಪ್ರಕಟಿಸಿತ್ತು. 16 ವರ್ಷ ಮೀರಿದವರಲ್ಲಿ ಶೇಕಡಾ 70ರಷ್ಟು, ಅನಂತರ 80ರಷ್ಟು ಜನರಿಗೆ ಎರಡೂ ಡೋಸ್ ಆದಂತೆ ನಿರ್ಬಂಧಗಳನ್ನು ಹಂತಹಂತವಾಗಿ ಸಡಿಲಿಸುವುದು, ಗಡಿಯನ್ನು ತೆರೆಯುವುದು. ಅದೇ ವರ್ಷದ ಮೇ ಆರಂಭದಲ್ಲಿ, ಭಾರತದಲ್ಲಿದ್ದ ತನ್ನ ಪ್ರಜೆಗಳಿಗೇ ದಂಡ, ಸೆರೆವಾಸಗಳ ಎಚ್ಚರಿಕೆ ಕೊಟ್ಟು ಹನ್ನೆರಡು ದಿನ ಬಾಗಿಲು ಹಾಕಿದ್ದ ದೇಶ ಅದು. “ಅಪ್ಪಾಜಿ, ಲಸಿಕೆ ಇಲ್ಲದಿದ್ರೆ ಬರಾಕ ಆಗೂದಿಲ್ರಿ” ಎಂದನು ಮಗ. ಮರುವಾರವೇ ಅಪ್ಪಾಜಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತರು. ಅಂದು ಅಲ್ಲಿ ಇದ್ದ ಲಸಿಕೆ ಕೋವ್ಯಾಕ್ಸಿನ್. ಅವರು ಅದರ ಹೆಸರನ್ನು ಕೇಳಿದರು, ತೋಳನ್ನು ಮುಂದೆ ಚಾಚಿದರು.

ನೆರೆಯವನ ಪ್ರಾಣಕ್ಕಾಗಿ ದಾಟಲಾಗದ ಎಲ್ಲೆಯನ್ನು ವಿಮಾನದ ಚೀಟಿಗಾಗಿ ಒಂದು ವಾರದಲ್ಲಿ ದಾಟಿದ್ದರು. ಮೆಲ್ಬರ್ನಿನ ಆ ರಾತ್ರಿ ನಿದ್ರೆ ಕಸಿದುಕೊಂಡ ವಿಷಯ ಇದೇ. ಕರುವಿನ ಮೇಲಿನ ದಯೆಯೇ ಕಾರಣವಾಗಿದ್ದರೆ ಆಗಸ್ಟಿನಲ್ಲಿಯೂ ಅದು ಕಾರಣವಾಗಿರಬೇಕಿತ್ತು. ಮೊಮ್ಮಗಳ ಮೇಲಿನ ಮಮತೆ ಅದನ್ನು ಮೀರಿಸಿತೆಂದರೆ, ಹಮಾಲನ ಮೇಲಿನ ಮಮತೆ ಏಕೆ ಮೀರಿಸಲಿಲ್ಲ?

ಲಸಿಕೆ ಪಡೆದ ಮೇಲೂ ಬಾಗಿಲು ಕೂಡಲೇ ತೆರೆಯಲಿಲ್ಲ. ಹಲವು ದೇಶಗಳು ಕೋವ್ಯಾಕ್ಸಿನನ್ನು ಮಾನ್ಯ ಮಾಡಿರಲಿಲ್ಲ. ಆಸ್ಟ್ರೇಲಿಯಾ 2021ರ ನವೆಂಬರ್ 1ರಂದು, ವಿಶ್ವ ಆರೋಗ್ಯ ಸಂಸ್ಥೆ ನವೆಂಬರ್ 3ರಂದು ಅದಕ್ಕೆ ಮನ್ನಣೆ ಕೊಟ್ಟವು. ಡಿಸೆಂಬರ್ 15ರಿಂದ ವಿಮಾನಗಳನ್ನು ಬಿಡುವೆವೆಂದು ಭಾರತ ಸಾರಿದ ದಿನವೇ ಓಮಿಕ್ರಾನ್ ರೂಪಾಂತರಕ್ಕೆ ನಾಮಕರಣವಾಯಿತು, ಸಾರಿದ್ದು ರದ್ದಾಯಿತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿಯೇ ಪತ್ತೆಯಾದವು. ಅಂತೂ 2022ರ ಫೆಬ್ರವರಿ 21ರಂದು ಆಸ್ಟ್ರೇಲಿಯಾ ಲಸಿಕೆ ಪಡೆದ ಎಲ್ಲ ವೀಸಾದಾರರಿಗೆ ತೆರೆಯಿತು. ಮಾರ್ಚ್ 27ರಿಂದ ಭಾರತದ ನಿಯತ ವಿಮಾನಗಳು ಹಾರಿದವು.

ಶೇಕಡಾವಾರು ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಅದು ಒಬ್ಬನಿಂದ ಆಗುವಂಥದಲ್ಲ. ಮಗನು ವಾಸಿಸುವ ಊರಿನಲ್ಲಿ ಶೇಕಡಾ 80 ತುಂಬಿದ್ದು ಅಪರಿಚಿತರ ತೋಳುಗಳಿಂದ. ಭಾರತದಲ್ಲಿ 2021ರ ಅಕ್ಟೋಬರ್ 21ರಂದು ನೂರು ಕೋಟಿ ಡೋಸುಗಳು ಪೂರ್ಣಗೊಂಡುದು, ವಿಮಾನವನ್ನು ಹತ್ತಿರದಿಂದ ಎಂದೂ ನೋಡದ ಕೂಲಿಕಾರರ, ಕುರಿಗಾಹಿಗಳ, ಹಮಾಲರ ತೋಳುಗಳಿಂದ. ಅವರು ಕಟ್ಟಿದ ಸೇತುವೆಯ ಮೇಲೆ ನಡೆದವರು ಬೇರೆಯವರು. ಕೆಲವು ದೇಶಗಳಿಗಂತೂ ಸೇತುವೆ ಕಟ್ಟುವ ಕಲ್ಲುಗಳೇ ಸಿಗಲಿಲ್ಲ. 2021ರ ಸೆಪ್ಟೆಂಬರ್ ಅಂತ್ಯಕ್ಕೆ ಪ್ರತಿ ದೇಶದ ಶೇಕಡಾ 10 ಜನರಿಗಾದರೂ ಲಸಿಕೆ ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗುರಿಯಿಟ್ಟಿತ್ತು. ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ಮುಟ್ಟಲಿಲ್ಲ, ಅವುಗಳಲ್ಲಿ ಬಹಳಷ್ಟು ಆಫ್ರಿಕಾದವು. ಶ್ರೀಮಂತ ದೇಶಗಳು ಅಗತ್ಯಕ್ಕಿಂತ ಹೆಚ್ಚು ಕಾದಿರಿಸಿದ್ದವು. ಎರಡನೆಯ ಅಲೆಯ ಕಷ್ಟದಲ್ಲಿ ಭಾರತವೂ ರಫ್ತನ್ನು ಹಲವು ತಿಂಗಳು ನಿಲ್ಲಿಸಿತ್ತು. ಹೊಸ ರೂಪಾಂತರವನ್ನು ಪ್ರಾಮಾಣಿಕವಾಗಿ ಜಗತ್ತಿಗೆ ತಿಳಿಸಿದ ದಕ್ಷಿಣ ಆಫ್ರಿಕಾದ ಮೇಲೆಯೇ ಮೊದಲು ಬಾಗಿಲುಗಳು ಬಡಿದುಕೊಂಡವು. ಅಗತ್ಯಕ್ಕಿಂತ ಹೆಚ್ಚು ಕೂಡಿಡುವುದಕ್ಕೆ ಪರಿಗ್ರಹವೆಂಬ ಹೆಸರಿದೆ. ಕೂಡಿಟ್ಟದ್ದು ಹೊನ್ನಾದರೂ ಒಂದೇ, ಔಷಧವಾದರೂ ಒಂದೇ.

ಮೆಲ್ಬರ್ನಿಗೆ ಬಂದ ಕೆಲವು ದಿನಗಳಲ್ಲಿ ಮಗ ಒಂದು ಸುದ್ದಿ ಓದಿ ಹೇಳಿದನು. 2022ರ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತ್ತು. ತಾವು ಎರಡು ಸಲ ಹಿಂದಕ್ಕೆ ಕಳುಹಿಸಿದ ಆ ಹೆಣ್ಣುಮಗಳು ಬಿಸಿಲಿನಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಮುಂದಿನ ಮನೆಗೆ ನಡೆದುದು ವೃದ್ಧರ ಕಣ್ಣಿಗೆ ಕಟ್ಟಿತು.

ಆಗಸ್ಟಿನಲ್ಲಿ ಅವರು ಊರಿಗೆ ಮರಳಿದರು. ಆಸ್ಟ್ರೇಲಿಯಾದ ಲಸಿಕೆಯ ನಿಯಮ ಜುಲೈ 6ರಂದೇ ತೆರವಾಗಿತ್ತು. ಆ ಹಾಳೆಯನ್ನು ಅಲ್ಲಿ ಇನ್ನಾರೂ ಕೇಳುತ್ತಿರಲಿಲ್ಲ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಅವರು ಹಮಾಲನ ಮನೆಗೆ ಹೋದರು. ಪ್ರತಿವರ್ಷ ಎಲ್ಲರಿಗೂ ಹೇಳುವ ಮಾತನ್ನು ಹೇಳಿ ಏಳಬಹುದಿತ್ತು. ಅವರು ಕುಳಿತುಕೊಂಡು ಜ್ವರದ ಮೂರು ದಿನಗಳನ್ನೂ, ಬೇಡವೆಂದ ಲಸಿಕೆಯನ್ನೂ, ಆಮೇಲೆ ಬೇಕೆಂದ ಕಾರಣವನ್ನೂ ಬಿಡಿಸಿ ಹೇಳಿದರು. ಅವನು ಬಹಳ ಹೊತ್ತು ಸುಮ್ಮನಿದ್ದನು. ಕೊನೆಗೆ, “ಆಗಿದ್ದು ಆಗಿ ಹೋಯ್ತ್ರಿ ಸಾವಕಾರ. ಆದ್ರ ಅವತ್ತ ಹೇಳಿದ್ರ ನಾ ಎರಡ ದಿನ ದೂರ ನಿಂದರತಿದ್ದೆ” ಎಂದನು. ಆ ಮಾತಿಗೆ ಉತ್ತರವಿರಲಿಲ್ಲ. ಅವರು ಕೊಡಲೂ ಇಲ್ಲ.

ಆ ದಿನಗಳಲ್ಲಿ ಹದಿನೆಂಟು ದಾಟಿದ ಎಲ್ಲರಿಗೂ ಸರಕಾರಿ ಕೇಂದ್ರಗಳಲ್ಲಿ ಮುನ್ನೆಚ್ಚರಿಕೆ ಡೋಸನ್ನು ಉಚಿತವಾಗಿ ಕೊಡಲಾಗುತ್ತಿತ್ತು. ಜುಲೈ 15ರಿಂದ 75 ದಿನಗಳ ಅವಧಿ ಅದಕ್ಕಿತ್ತು. ಇಬ್ಬರೂ ಒಂದೇ ದಿನ ಒಂದೇ ಸಾಲಿನಲ್ಲಿ ನಿಂತರು. ಎಲ್ಲಿಗಾದರೂ ಪ್ರಯಾಣವಿದೆಯೇ ಎಂದು ದಾದಿ ವೃದ್ಧರನ್ನು ಕೇಳಿದಳು. ಇಲ್ಲವೆಂದು ಅವರು ತಲೆಯಾಡಿಸಿದರು.

ಮಹಾಮಾರಿಯ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಸಾರಲಾಯಿತು. ಇನ್ನೊಂದು ರೋಗ ಎಂದು ಬರುವುದೋ ತಿಳಿಯದು. ಬಂದಾಗ ಲಸಿಕೆಯ ಪ್ರಶ್ನೆಯೂ, ಗಡಿಯ ಪ್ರಶ್ನೆಯೂ ಜೊತೆಗೇ ಬರುತ್ತವೆ. ಬಸದಿಯ ಟ್ರಸ್ಟುಗಳು ಅಂದು ತಮ್ಮ ಸಭಾಭವನವನ್ನು, ಧರ್ಮಶಾಲೆಯನ್ನು ಊರವರೆಲ್ಲರ ಲಸಿಕೆಗೆ ತೆರೆದಿಟ್ಟರೆ ದೊಡ್ಡ ಸೇವೆಯಾದೀತು. ಸಂಶಯವುಳ್ಳವರಿಗೆ ತಿಳಿದ ವೈದ್ಯರಿಂದ ಸತ್ಯವನ್ನು ಹೇಳಿಸುವುದೂ ಅಷ್ಟೇ ಅಗತ್ಯ. ಗೃಹಸ್ಥನಿಗೆ ಉಳಿಯುವ ಕೆಲಸ ಇನ್ನೂ ಚಿಕ್ಕದು, ಇನ್ನೂ ಕಠಿಣ. ಒಲ್ಲೆನೆನ್ನುವಾಗ ಅದರ ಬೆಲೆಯನ್ನು ಯಾರು ತೆರುತ್ತಾರೆಂದೂ, ಒಪ್ಪುವಾಗ ಯಾರಿಗಾಗಿ ಒಪ್ಪುತ್ತಿರುವೆನೆಂದೂ ಅವನು ತನ್ನನ್ನೇ ಕೇಳಿಕೊಳ್ಳಬೇಕು.