ಹೊದಿಕೆಯ ಒಳಗೆ

ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1914ರ ಏಪ್ರಿಲ್ ತಿಂಗಳಿನಲ್ಲಿ ಇಂಗ್ಲೆಂಡನ್ನು ತಲುಪಿದಾಗ ಅವರಿಗೆ 26 ವರ್ಷ ವಯಸ್ಸು. ಕುಂಭಕೋಣದ ಬಿಸಿಲಿನಲ್ಲಿ ಪಂಚೆಯುಟ್ಟು ಬೆಳೆದ ಅವರು ಕೋಟು, ಷರಾಯಿ, ಬೂಟುಗಳನ್ನು ತೊಡುವುದನ್ನು ಹೊಸದಾಗಿ ಕಲಿಯಬೇಕಾಯಿತು. ಬೂಟುಗಳಂತೂ ಅವರ ಪಾದಗಳಿಗೆ ಒಗ್ಗಲೇ ಇಲ್ಲ. ಕೊಠಡಿಯೊಳಗೆ ಚಪ್ಪಲಿಯೇ ಅವರಿಗೆ ಹಿತವೆನಿಸುತ್ತಿತ್ತು.

ಕಲ್ಕತ್ತೆಯಿಂದ ಬಂದು ಕೇಂಬ್ರಿಡ್ಜಿನಲ್ಲಿಯೇ ಓದುತ್ತಿದ್ದ ಪ್ರಶಾಂತಚಂದ್ರ ಮಹಲನೋಬಿಸ್ ಅವರ ಸ್ನೇಹಿತರು. ರಾತ್ರಿಯ ವೇಳೆ ಬೆಚ್ಚಗಿರುತ್ತದೆಯೇ ಎಂದು ಅವರು ಒಮ್ಮೆ ವಿಚಾರಿಸಿದರು. ಮೇಲಂಗಿಯನ್ನು ತೊಟ್ಟು, ಶಾಲನ್ನು ಸುತ್ತಿಕೊಂಡು ಮಲಗುವುದಾಗಿ ರಾಮಾನುಜನ್ ಹೇಳಿದರು. ಹೊದಿಕೆಗಳು ಸಾಲುತ್ತಿಲ್ಲವೇನೋ ಎಂದು ಮಹಲನೋಬಿಸರು ಮಲಗುವ ಕೋಣೆಗೆ ಹೋಗಿ ನೋಡಿದರೆ, ಮಂಚದ ಮೇಲೆ ಕಂಬಳಿಗಳಿಗೆ ಕೊರತೆಯೇ ಇರಲಿಲ್ಲ! ಆ ನಾಡಿನ ರೂಢಿಯಂತೆ ಅವುಗಳ ಅಂಚನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿ, ಮೇಲೊಂದು ಬಟ್ಟೆಯನ್ನು ಹೊದಿಸಿದ್ದರು. ಕಂಬಳಿಗಳ ಒಳಗೆ ಸೇರಿಕೊಳ್ಳಬೇಕೆಂಬುದು ತಿಳಿಯದೆ ರಾಮಾನುಜನ್ ಅವುಗಳ ಮೇಲೆ, ಆ ಬಟ್ಟೆಯೊಂದರ ಅಡಿಯಲ್ಲಿ ಮಲಗುತ್ತಿದ್ದರು. ಸ್ನೇಹಿತರು ಕಂಬಳಿಗಳನ್ನು ಸರಿಸಿ, ಅವುಗಳ ಒಳಗೆ ನುಸುಳಿಕೊಳ್ಳುವ ಬಗೆಯನ್ನು ತೋರಿಸಿಕೊಟ್ಟರು.

ಇದು ನಗುವ ಸಂಗತಿಯಲ್ಲ. ಅನಂತ ಶ್ರೇಣಿಗಳ ಆಳಕ್ಕಿಳಿದ ಆ ಮಹಾಮತಿಗೆ ತಿಳಿಯದ ಈ ವಿಷಯ ಅಲ್ಲಿನ ಎಳೆಯ ಮಕ್ಕಳಿಗೂ ತಿಳಿದಿತ್ತು. ಮಕ್ಕಳಿಗೂ ತಿಳಿದಿರುವುದನ್ನು ಬೆಳೆದವರು ಬಾಯಿಬಿಟ್ಟು ಕೇಳುವುದಾದರೂ ಹೇಗೆ?

ಇಂದು ಬಳ್ಳಾರಿಯ ಬಿಸಿಲಿನಿಂದ ಕೆನಡಾದ ವಿನ್ನಿಪೆಗ್ ನಗರಕ್ಕೆ ಓದಲು ಹೋಗುವ ಹುಡುಗನ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಶೀತವು ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ವಾಡಿಕೆ. ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪನಾದ ಕೋಟನ್ನು ಆರಿಸಿಕೊಂಡು, ಚಳಿಯನ್ನು ಗೆದ್ದೆನೆಂದು ಅವನು ಹಿಗ್ಗುತ್ತಾನೆ. ಒಳಗಿರುವುದು ಮಾತ್ರ ಊರಿನಿಂದ ತಂದ ಹತ್ತಿಯ ಬನಿಯನು! ಬಸ್ಸನ್ನು ಹಿಡಿಯಲು ಓಡಿ ಬೆವೆತರೆ ಹತ್ತಿಯು ಬೆವರನ್ನು ಹೀರಿ ಮೈಗೆ ಅಂಟಿಕೊಳ್ಳುತ್ತದೆ. ನಿಂತೊಡನೆ ಬೆನ್ನು ತಣ್ಣಗಾಗುತ್ತದೆ. ಕಾಲು ಬೆಚ್ಚಗಿರಲೆಂದು ಬಿಗಿಯಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲಗಳನ್ನು ತುರುಕಿದರೆ, ರಕ್ತದ ಓಟಕ್ಕೆ ಅಡ್ಡಿಯಾಗಿ ಬೆರಳುಗಳು ಇನ್ನಷ್ಟು ಮರಗಟ್ಟುತ್ತವೆ.

ಉಡುಪು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಮೈಯಲ್ಲಿ ಹುಟ್ಟಿದ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ, ಅಷ್ಟೆ. ಆ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಎಳೆಗಳ ನಡುವೆ ಮಿಸುಕದೆ ನಿಂತ ಗಾಳಿ. ಆದುದರಿಂದಲೇ ಒಂದೇ ದಪ್ಪ ಕೋಟಿಗಿಂತ, ಮೈಗೆ ತಾಗುವಂತೆ ತೆಳುವಾದ ಉಣ್ಣೆಯಂಗಿ, ಅದರ ಮೇಲೆ ಸಡಿಲವಾದ ಸ್ವೆಟರು, ಹೊರಗೆ ಗಾಳಿ ನುಗ್ಗದ ನಿಲುವಂಗಿ ಲೇಸು. ಬೆವರುವ ಮುನ್ನವೇ ಒಂದನ್ನು ತೆಗೆಯಲೂಬಹುದು. ಐದು ಬೆರಳುಗಳನ್ನೂ ಬೇರೆಬೇರೆಯಾಗಿಡುವ ಕೈಗವಸಿಗಿಂತ, ನಾಲ್ಕು ಬೆರಳುಗಳನ್ನು ಒಂದೇ ಗೂಡಿನಲ್ಲಿ ಕೂಡಿಸುವ ಕೈಗವಸು ಹೆಚ್ಚು ಬೆಚ್ಚಗಿರುತ್ತದೆ.

ಇದರಲ್ಲಿ ಅರ್ಧ ಭಾಗ ಬಳ್ಳಾರಿಯ ನೆರೆಯ ಚಳ್ಳಕೆರೆಯ ಕಡೆ ಕುರಿ ಕಾಯುವವನಿಗೆ ಹೊಸತೇನಲ್ಲ. ಜಡಿಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಲ್ಲುವ ಅವನು, ತೊಯ್ದ ಉಣ್ಣೆಯೂ ಮೈಯನ್ನು ಕಾಯುವುದೆಂಬುದನ್ನು ಬಲ್ಲ. ಹುಡುಗ ಆ ಕಂಬಳಿಗಳನ್ನು ದಿನವೂ ನೋಡಿಯೇ ಬೆಳೆದವನು. ಪೆಟ್ಟಿಗೆ ತುಂಬುವಾಗ ಅವು ಅವನ ನೆನಪಿಗೆ ಬರಲಿಲ್ಲ.

ಬಸ್ಸಿನ ತಂಗುದಾಣದಲ್ಲಿ ಹಲ್ಲು ಕಟಕಟಿಸುತ್ತ ನಿಂತ ಅವನನ್ನು, ಅಲ್ಲಿ ಎರಡು ಚಳಿಗಾಲಗಳನ್ನು ಕಳೆದ ಹುಬ್ಬಳ್ಳಿಯ ಹಿರಿಯ ವಿದ್ಯಾರ್ಥಿಯೊಬ್ಬ ಕಂಡು ಹತ್ತಿರ ಬರುತ್ತಾನೆ.

“ಒಳಗೇನು ಹಾಕ್ಕೊಂಡೀಯೋ ತಮ್ಮಾ?”

ಹುಡುಗ ನಾಚುತ್ತ ಕೋಟಿನ ಮೇಲಿನ ಗುಂಡಿಯನ್ನು ಬಿಚ್ಚುತ್ತಾನೆ.