ಹೊರಜಗಲಿಯ ಟೈಗರ್

'ನಿಮ್ಮಲ್ಲೂ ನಾಯಿ ಸಾಕುತ್ತಾರಾ?'

ನಮ್ಮ ತೋಟದ ಗೇಟಿನ ಬಳಿ ಟೈಗರನ್ನು ಕಂಡವರು ಈ ಪ್ರಶ್ನೆ ಕೇಳದೆ ಹೋಗುವುದು ಅಪರೂಪ. ಮುಸ್ಲಿಮೇತರರು ಕುತೂಹಲದಿಂದ ಕೇಳುತ್ತಾರೆ. ನಮ್ಮವರು ತುಸು ಆಕ್ಷೇಪದಿಂದ ಕೇಳುತ್ತಾರೆ. ಅಡಿಕೆ ತೋಟದ ನಡುವಿನ ಮನೆ ನಮ್ಮದು. ರಾತ್ರಿ ಕಾಡುಹಂದಿ, ಹಗಲು ಮಂಗಗಳ ಕಾಟ. ಕೃಷಿಗೆ, ಜಾನುವಾರುಗಳ ಕಾವಲಿಗೆ, ಬೇಟೆಗೆ ನಾಯಿ ಇಟ್ಟುಕೊಳ್ಳಲು ಪ್ರವಾದಿ(ಸ) ಅನುಮತಿ ನೀಡಿದ್ದಾರೆ. ಹೀಗಾಗಿ ಉತ್ತರ ಕೊಡಲು ನಮಗೆಂದೂ ಕಷ್ಟವಾಗಿಲ್ಲ. ಆದರೆ ಕಾವಲು ಕಾಯಲಾಗದೆ ಮಲಗಿಬಿಟ್ಟ ನಾಯಿಯನ್ನು ಏನು ಮಾಡಬೇಕು? ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ನಮ್ಮ ಮನೆಯಂಗಳಕ್ಕೇ ಬಂತು.

ಮೊದಲು ಟೈಗರ್ ಅನ್ನ ಬಿಟ್ಟಿತು. ಎರಡನೇ ದಿನ ಮೂಗಿನಿಂದ ರಕ್ತ ಒಸರಿತು. ಸದಾ ಕೆಂಪಗಿರುತ್ತಿದ್ದ ಒಸಡು ಬಿಳಿಚಿಕೊಂಡಿತ್ತು. ಪಶುವೈದ್ಯರು ಜ್ವರ ನೋಡಿದಾಗ 104 ಡಿಗ್ರಿ. ನಾಯಿಗಳ ಮೈಬಿಸಿ ನಮಗಿಂತ ಹೆಚ್ಚು, 101ರಿಂದ 102.5ರವರೆಗೆ ಇರುವುದು ಸಹಜ ಎಂದು ನಮಗೆ ಗೊತ್ತಾದದ್ದು ಅಂದೇ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದಿತ್ತು. ಉಣುಗಿನಿಂದ ಬರುವ ಎರ್ಲಿಕಿಯಾ ಎಂಬ ಜ್ವರ. ಡಾಕ್ಸಿಸೈಕ್ಲಿನ್ ಮಾತ್ರೆ, ದಿನಕ್ಕೆರಡು ಸಲ, 28 ದಿನ. ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸಬಾರದು ಎಂದರು ವೈದ್ಯರು.

ಬೆಚ್ಚಗಿನ, ಒಣಗಿದ ಜಾಗ ಬೇಕಿತ್ತು. ಹಳೆಯ ಕೊಟ್ಟಿಗೆ ಸೋರುತ್ತಿತ್ತು. ನಾಯಿಯಿರುವ ಮನೆಯೊಳಗೆ ಮಲಕ್‌ಗಳು ಬರುವುದಿಲ್ಲವೆಂಬ ಆತಂಕ ಉಮ್ಮನಿಗೆ. ಕೊನೆಗೆ ಹೊರಜಗಲಿಯ ಮೂಲೆಯಲ್ಲಿ ಗೋಣಿ ಹಾಸಲು ಅವರೇ ಜಾಗ ತೋರಿಸಿದರು. ಸಂಬಂಧಿಕರೊಬ್ಬರು, 'ಗುಡ್ಡೆಗೆ ಬಿಟ್ಟು ಬನ್ನಿ, ಬೇರೆ ಮರಿ ತಂದರಾಯಿತು' ಎಂದಾಗ ಉಮ್ಮ ಕೇಳಿದ್ದು ಒಂದೇ ಮಾತು: 'ಎಂಟು ವರ್ಷ ನಮ್ಮ ಅನ್ನ ತಿಂದು ನಮ್ಮನ್ನೇ ಕಾದದ್ದಲ್ಲವಾ?'

ಅಲ್ಲಿಂದ ಮನೆಯ ದಿನಚರಿಯೇ ಬದಲಾಯಿತು. ಬೆಳಿಗ್ಗೆ ನಮ್ಮ ಚಹಾಕ್ಕಿಂತ ಮೊದಲು ಟೈಗರಿಗೆ ಕುಚ್ಚಲಕ್ಕಿ ಗಂಜಿ. ಅದಕ್ಕೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ, ಇಲ್ಲವೇ ಒಂದು ಮೊಟ್ಟೆ. ಮೊದಲಿನ ಹಾಗೆ ನಮ್ಮ ಸಾರು ಸುರಿಯುವಂತಿಲ್ಲ. ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದಂತೆ. ಈರುಳ್ಳಿ ಇಲ್ಲದ ಸಾರು ನಮ್ಮ ಅಡುಗೆಮನೆಯಲ್ಲಿ ಹುಟ್ಟುವುದೇ ಇಲ್ಲ! ಮಾತ್ರೆಯನ್ನು ಹಾಲಿನ ಜೊತೆ ಕೊಡುವಂತೆಯೂ ಇರಲಿಲ್ಲ. ಹಾಲಿನ ಸುಣ್ಣದ ಅಂಶ ಈ ಔಷಧಿಯನ್ನು ಮೈಗೆ ಹತ್ತಗೊಡುವುದಿಲ್ಲ. ಅನ್ನದ ಉಂಡೆಯೊಳಗೆ ಅಡಗಿಸಿಟ್ಟರೆ ಅನ್ನ ನುಂಗಿ ಮಾತ್ರೆಯನ್ನು ಮಾತ್ರ ಉಗುಳುವ ಬುದ್ಧಿವಂತಿಕೆ ಅದಕ್ಕಿತ್ತು. ಬಾಯಿ ತೆರೆದು ನಾಲಿಗೆಯ ಬುಡಕ್ಕೆ ಇಡದೆ ಬೇರೆ ದಾರಿ ಇರಲಿಲ್ಲ.

ಅಂದರೆ, ಪ್ರತಿಸಲವೂ ಕೈಗೆ ಜೊಲ್ಲು.

ಕರಾವಳಿಯ ನಾವು ಶಾಫಿಈ ಮದ್‌ಹಬ್‌ನವರು. ಒದ್ದೆ ನಾಯಿ ಮುಟ್ಟಿದರೆ ಏಳು ಸಲ ತೊಳೆಯಬೇಕು, ಅದರಲ್ಲೊಂದು ಸಲ ಮಣ್ಣು ಬೆರೆಸಿದ ನೀರಿನಿಂದ. ಹನಫಿಗಳು ಜೊಲ್ಲನ್ನು ಮಾತ್ರ ಅಶುದ್ಧವೆನ್ನುತ್ತಾರೆ. ಮಾಲಿಕಿಗಳಲ್ಲಿ ನಾಯಿ ಅಶುದ್ಧವೇ ಅಲ್ಲ. ಆದರೂ ಉಮ್ಮ ನಮ್ಮ ಕ್ರಮದಲ್ಲಿ ಒಂದಿಷ್ಟೂ ಸಡಿಲ ಬಿಡಲಿಲ್ಲ. ನಲ್ಲಿಯ ಬಳಿ ಒಂದು ತೆಂಗಿನ ಚಿಪ್ಪಿನಲ್ಲಿ ಜರಡಿ ಹಿಡಿದ ಮಣ್ಣು ಸದಾ ಸಿದ್ಧವಿರುತ್ತಿತ್ತು. ಮಾತ್ರೆ ಕೊಡುವಾಗ ಉಡಲೆಂದೇ ಒಂದು ಹಳೆಯ ಲುಂಗಿ ತೆಗೆದಿಟ್ಟಿದ್ದರು. ನಮಾಝಿನ ಬಟ್ಟೆ ಬೇರೆ. 28 ದಿನ, ದಿನಕ್ಕೆ ಎರಡು ಸಲ, ಸಲಕ್ಕೆ ಏಳು ಬಾರಿ. ಲೆಕ್ಕ ಹಾಕಿದ ಮಗಳು '392' ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಳು.

ಈ ತೊಳೆಯುವಿಕೆ ನಮಗೆ ಹೊಸದೊಂದು ಅರ್ಥ ಕಾಣಿಸಿತು. ನಾಯಿಯನ್ನು ದೂರವಿಡಲು ನಮ್ಮಲ್ಲಿ ಅನೇಕರು ಕೊಡುವ ಕಾರಣ ಇದೇ ನಿಯಮ. ಆದರೆ ತೊಳೆಯುವ ವಿಧಾನವನ್ನು ಕಲಿಸಿದ ಧರ್ಮ, ಮುಟ್ಟಬೇಕಾದ ಸಂದರ್ಭ ಬಂದೇ ಬರುತ್ತದೆಂದು ತಿಳಿದೇ ಕಲಿಸಿದೆಯಲ್ಲವೇ? ಶುದ್ಧಿಯ ನಿಯಮವಿರುವುದು ನಮಾಝಿಗೆ ನಿಲ್ಲುವವನಿಗಾಗಿ. ಕ್ರೌರ್ಯಕ್ಕೆ ಅದು ರಹದಾರಿಯಲ್ಲ. ಬಾಯಾರಿದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ ಕುಡಿಸಿದವನ ಪಾಪಗಳು ಕ್ಷಮಿಸಲ್ಪಟ್ಟ ಕಥೆಯನ್ನು ಮದ್ರಸದಲ್ಲಿ ಕೇಳದ ಮಕ್ಕಳಿಲ್ಲ. ಆ ನಾಯಿ ಅವನ ತೋಟ ಕಾದದ್ದಲ್ಲ, ಕುರಿ ಕಾದದ್ದೂ ಅಲ್ಲ. ಅದಕ್ಕೆ ದಾಹವಾಗಿತ್ತು, ಅಷ್ಟೆ.

ಶುಕ್ರವಾರ ಉಮ್ಮ ಜಗಲಿಯ ಬಾಗಿಲ ಒಳಗೆ ಕುಳಿತು ಅಲ್ ಕಹ್ಫ್ ಅಧ್ಯಾಯ ಓದುತ್ತಾರೆ. ಗುಹೆಯಲ್ಲಿ ಮಲಗಿದ ಆ ಯುವಕರ ಜೊತೆ ಒಂದು ನಾಯಿಯೂ ಇತ್ತು. ಮುಂಗಾಲು ಚಾಚಿಕೊಂಡು ಗುಹೆಯ ಬಾಗಿಲಲ್ಲೇ ಇದ್ದ ಅದನ್ನು ಕುರ್‌ಆನ್ ಹೆಸರಿಸದಿದ್ದರೂ ಮರೆತಿಲ್ಲ. ಯುವಕರು ಎಷ್ಟು ಮಂದಿ ಎಂಬ ಜನರ ಊಹೆಗಳನ್ನು ಹೇಳುವಾಗಲೂ ಪ್ರತಿ ಲೆಕ್ಕದಲ್ಲಿ ನಾಯಿ ಸೇರಿಕೊಂಡಿದೆ. ಉಮ್ಮ ಓದುವಷ್ಟು ಹೊತ್ತೂ ಹೊಸ್ತಿಲಿನಾಚೆ ಟೈಗರ್ ಕಣ್ಣು ಮುಚ್ಚಿ ಮಲಗಿರುತ್ತಿತ್ತು.

ಅಕ್ಕಪಕ್ಕದವರಿಗೆ ಬೇರೆಯದೇ ಭಯ. ಉಣುಗು ಎಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗವನ್ನು ಹರಡುವುದು ಕಾಡಿನ ಉಣುಗು. ಅದು ವೈರಸ್‌ನಿಂದ ಬರುವ ರೋಗ. ಟೈಗರಿನದು ಬ್ಯಾಕ್ಟೀರಿಯಾದಿಂದ ಬಂದದ್ದು, ನಾಯಿಯನ್ನು ಮುಟ್ಟಿದರೆ ಅಂಟುವಂಥದ್ದಲ್ಲ. ಇದನ್ನು ತಿಳಿಸಿ ಹೇಳಿದ ಮೇಲೆ ಪಕ್ಕದ ಮನೆಯ ಅಕ್ಕ ತಮ್ಮ ನಾಯಿಯ ಕಿವಿಯನ್ನೂ ಮಗುಚಿ ನೋಡತೊಡಗಿದರು. ಉಣುಗನ್ನು ಬೆರಳಲ್ಲಿ ಹಿಸುಕದೆ, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಬೇಕು. ನಾಯಿಯ ಮೈ ಸ್ವಚ್ಛಗೊಳಿಸಿದರೆ ಮಾತ್ರ ಸಾಲದು. ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಯಿಡುವ ಜೀವಿ ಅದು. ಒಂದು ರವಿವಾರ ಪೂರ್ತಿ ನಾವು ಜಗಲಿಯ ಬಿರುಕುಗಳಿಗೆ ಸಿಮೆಂಟು ಮೆತ್ತಿದೆವು.

ಕಾಯಿಲೆಗೆ ಮೊದಲು ಟೈಗರ್ ಸುಬಹಿಯ ಬಾಂಗಿಗೆ ತಪ್ಪದೆ ಊಳಿಡುತ್ತಿತ್ತು. ಅದು ಅಪಶಕುನ, ಓಡಿಸಿ ಎನ್ನುವವರಿದ್ದರು. ಮಲಗಿದ ಮೇಲೆ ಆ ಸದ್ದು ನಿಂತಿತು. ಬಾಂಗ್ ಮುಗಿದ ಮೇಲಿನ ಮೌನ ನಮ್ಮೆಲ್ಲರ ಕಿವಿಗೂ ತಾಗುತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹತ್ತೊಂಬತ್ತನೇ ದಿನ ಮುಂಜಾನೆ ಮಸೀದಿಯ ಮೈಕ್ ಕೇಳಿಸಿದ್ದೇ ತಡ, ಹೊರಗಿನಿಂದ ಕ್ಷೀಣವಾದ, ನಡುಗುವ ಒಂದು ಊಳು ಬಂತು. ವುಝೂ ಮಾಡುತ್ತಿದ್ದ ಉಮ್ಮ 'ಅಲ್‌ಹಮ್ದುಲಿಲ್ಲಾಹ್' ಎಂದರು.

ಪ್ಲೇಟ್‌ಲೆಟ್ ಈಗ ಎರಡು ಲಕ್ಷ ದಾಟಿದೆ. ಆದರೂ ಹಂದಿ ಓಡಿಸುವ ಕಸುವು ಮರಳಿಲ್ಲ, ಮರಳದೆಯೂ ಇರಬಹುದು. ಗೇಟಿನ ತನಕ ಹೋಗಿ ಉಸಿರು ತೆಗೆದುಕೊಂಡು ವಾಪಸ್ ಬರುತ್ತದೆ. ತೋಟಕ್ಕೆ ಬೇಲಿ ಹಾಕಿಸುವ ಮಾತು ನಡೆದಿದೆ. ನಲ್ಲಿಯ ಬಳಿಯ ಚಿಪ್ಪಿನಲ್ಲಿ ಮಣ್ಣು ಮುಗಿದರೆ ಈಗಲೂ ಯಾರಾದರೊಬ್ಬರು ತುಂಬಿಸಿಡುತ್ತಾರೆ.