ಹಾವಿನ ಜಮಾ-ಖರ್ಚು

ಕಾಮರ್ಸ್ ಓದುವವರಿಗೆ ಸಾಹಿತ್ಯದ ಗಂಧವಿಲ್ಲ ಎಂಬ ಮಾತು ನಮ್ಮ ಸಂಘದಲ್ಲಿ ಆಗಾಗ ಕೇಳಿಬರುತ್ತದೆ. ಇರಲಿ. ನಾನು ಈಗ ಬರೆಯಹೊರಟದ್ದೂ ಗಂಧದ ವಿಷಯವಲ್ಲ, ಹಾವಿನ ಹಿಕ್ಕೆಯ ವಿಷಯ. ಮೂಗು ಮುಚ್ಚಿಕೊಳ್ಳುವವರು ಧಾರಾಳವಾಗಿ ಪುಟ ತಿರುಗಿಸಬಹುದು.

ಹೋದ ಏಪ್ರಿಲಿನಲ್ಲಿ ನನಗೊಂದು ಕೆಲಸ ಸಿಕ್ಕಿತು. ಗೆಳೆಯನೊಬ್ಬನ ಅಣ್ಣ ಮುಲುಂಡಿನ ತನ್ನ ಮನೆಯಲ್ಲಿ ಬಾಲ್ ಪೈಥಾನ್ ಸಾಕಿದ್ದಾನೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ನಮ್ಮ ಕಾಡಿನ ಹಾವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಪರದೇಶದ ಇಂಥ ಹಾವಿಗೂ 2024ರ ನಿಯಮದಂತೆ ನೋಂದಣಿ ಬೇಕು. ಅಣ್ಣನ ಹತ್ತಿರ ಆ ಕಾಗದ ಇತ್ತು. ಅವನು ಒಂದು ತಿಂಗಳು ಹೊರದೇಶಕ್ಕೆ ಹೋಗುವವನಿದ್ದ. ದಿನಾ ಸಂಜೆ ನಾನು ಹೋಗಿ ಹಾವನ್ನು ನೋಡಿಕೊಳ್ಳಬೇಕು, ಮೂರು ಸಾವಿರ ಸಂಬಳ. ಔಷಧಿ ಗಿವ್ಷಧಿಗೆ ಅಂತ ಇನ್ನೆರಡು ಸಾವಿರ ಬೇರೆಯೇ ಕೊಟ್ಟಿದ್ದ.

ನಮ್ಮ ಅಜ್ಜಿ ಈ ಸುದ್ದಿ ಕೇಳಿ ಕೈಮುಗಿದರು. ನಾವು ಕುಂದಾಪುರದ ಕಡೆಯವರು. ನಾಗರಪಂಚಮಿಯ ದಿನ ನಾಗಬನದಲ್ಲಿ ತನು ಎರೆಯದೆ ಅಜ್ಜಿ ಬಾಯಿಗೆ ನೀರು ಹಾಕುವವರಲ್ಲ. "ನಾಗನ್ ಸೇವೆ ಅಂದ್ಕಂಡ್ ಮಾಡ್ ಮಗಾ" ಅಂದರು. ಆ ಸೇವೆಯಲ್ಲಿ ದೊಡ್ಡ ಪಾಲು ಹಿಕ್ಕೆ ಬಳಿಯುವುದೇ ಅಂತ ನಾನು ಬಾಯಿಬಿಡಲಿಲ್ಲ.

ಹಾವಿನ ತೊಂದರೆ ಏನೆಂದರೆ ಅದು ಕೂಗುವುದಿಲ್ಲ. ನಾಯಿ ಕುಂಯ್ ಅನ್ನುತ್ತದೆ, ಹಸು ಮೇವು ಬಿಟ್ಟು ನಿಲ್ಲುತ್ತದೆ. ಈ ಹಾವು ಆರೋಗ್ಯವಾಗಿದ್ದಾಗಲೂ ಎಷ್ಟೋ ಸಲ ವಾರಗಟ್ಟಲೆ ಉಪವಾಸ ಇರುತ್ತದಂತೆ! ಹೊಟ್ಟೆಯೊಳಗಿನ ಸುದ್ದಿ ಹೊರಗೆ ಬರುವುದು ಹೆಚ್ಚಾಗಿ ಹಿಕ್ಕೆಯ ಮೂಲಕ. ಆದ್ದರಿಂದ ಅಣ್ಣ ನನಗೆ ಮೊದಲು ಕಲಿಸಿದ್ದು ಅದನ್ನು ಓದುವುದನ್ನೇ.

ಮನೆಯ ಗೋಡೆಯ ಹಲ್ಲಿಯ ಹಿಕ್ಕೆಯನ್ನು ನೀವೆಲ್ಲ ನೋಡಿಯೇ ಇದ್ದೀರಿ. ಕಪ್ಪು ಕಾಳು, ತುದಿಯಲ್ಲೊಂದು ಬಿಳಿ ಚುಕ್ಕೆ. ಹಾವಿನದೂ ಹಾಗೇ, ಗಾತ್ರ ದೊಡ್ಡದು ಅಷ್ಟೇ. ಕಂದು ಭಾಗ ಮಲ, ಅದರಲ್ಲಿ ಇಲಿಯ ಕೂದಲೂ ಸಿಗಬಹುದು. ಬಿಳಿ ಭಾಗ ಮೂತ್ರದ ಲೆಕ್ಕದ್ದು. ನೀರು ಉಳಿಸಲಿಕ್ಕಾಗಿ ಹಾವು ತನ್ನ ಕಲ್ಮಶವನ್ನು ಯೂರಿಕ್ ಆಮ್ಲವಾಗಿ ಗಟ್ಟಿ ಮಾಡಿ ಹೊರಹಾಕುತ್ತದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನನಗೆ 'ವಿಸರ್ಜನಾಂಗವ್ಯೂಹ' ಎಂಬ ಪಾಠದ ಹೆಸರು ಬಾಯಿಪಾಠವಿತ್ತು. ಅದರ ಅರ್ಥ ಕಂಡದ್ದು ಮುಲುಂಡಿನ ಗಾಜಿನ ಪೆಟ್ಟಿಗೆಯಲ್ಲಿ. ಕಂದು ಮುದ್ದೆ ಗಟ್ಟಿ, ಬಿಳಿ ಭಾಗ ಮೆತ್ತಗೆ, ಜೊತೆಗೆ ಸ್ವಲ್ಪ ನೀರು: ಇಷ್ಟಿದ್ದರೆ ಕ್ಷೇಮ. ಬಿಳಿಯದು ಹಳದಿಗೆ ತಿರುಗಿ ಇಟ್ಟಿಗೆಯ ಚೂರಿನಂತೆ ಒಣಗಿದ್ದರೆ ಮೈಯಲ್ಲಿ ನೀರು ಸಾಲದೆಂದು ಅನುಮಾನಿಸಬೇಕು. ನೀರುನೀರಾಗಿ, ಹಸಿರಾಗಿ, ಲೋಳೆ ಅಥವಾ ರಕ್ತ ಸೇರಿ ಬಂದರೆ ಡಾಕ್ಟರು. ಇಲಿ ಅರೆಬರೆ ಕರಗಿ ಹಾಗೇ ಹೊರಗೆ ಬಿದ್ದಿದ್ದರೆ ಅದು ಹಿಕ್ಕೆಯಲ್ಲ, ವಾಂತಿ. ಅದರ ಲೆಕ್ಕವೇ ಬೇರೆ.

ನಾನು ಒಂದು ನೋಟುಬುಕ್ಕು ಮಾಡಿದೆ. ಎಡಕ್ಕೆ ಜಮಾ: ತಾರೀಕು, ಫ್ರೀಜರಿನಿಂದ ತೆಗೆದು ಬಿಸಿ ಮಾಡಿ ಕೊಟ್ಟ ಇಲಿ. ಬಲಕ್ಕೆ ಖರ್ಚು: ಹಿಕ್ಕೆಯ ಬಣ್ಣ, ಗಟ್ಟಿತನ, ವಾಸನೆ. ಹಿಕ್ಕೆ ಹಾಕಿದ ಮರುದಿನ ತೂಕ. ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆಯುವುದು, ಯಾಕೆಂದರೆ ಇದರಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅಜ್ಜಿ ಇದನ್ನು ಮಡಿ ಎಂದೇ ತಿಳಿದು ಸಂತೋಷಪಟ್ಟರು.

11ನೇ ತಾರೀಕಿನ ಹಿಕ್ಕೆ ಸರಿಯಾಗಿತ್ತು; ಮರುದಿನ ತೂಕ 1,240 ಗ್ರಾಂ. 21ರಂದು ಬಿಳಿ ಭಾಗ ಹಳದಿ, ಗಟ್ಟಿ, ತೂಕ 1,220. ಏಸಿಯ ಗಾಳಿಗೆ ಪೆಟ್ಟಿಗೆಯ ಒಳಗು ಒಣಗಿತ್ತು. ಅಗಲದ ನೀರಿನ ಬೋಗುಣಿ ಇಟ್ಟೆ, ಒದ್ದೆ ಪಾಚಿ ಹಾಕಿದೆ. 28ರಂದು ಬಿದ್ದದ್ದು ತೆಳ್ಳಗೆ, ಲೋಳೆ ಲೋಳೆ, ತಡೆಯಲಾರದ ನಾತ.

ಅಣ್ಣನಿಗೆ ಫೋನು ಮಾಡಿದೆ. "ಒಂದು ಸಲ ಹೀಗಾಗೋದುಂಟು ಮಾರಾಯ, ಇನ್ನೊಂದು ಸಲ ನೋಡೋಣ" ಅಂದ. ಅವನ ಮಾತು ತಳ್ಳಿಹಾಕುವಂಥದಲ್ಲ. ಇನ್ನೊಂದು ಸಲ ಅಂದರೆ ಇನ್ನೂ ಎಂಟು ಹತ್ತು ದಿನ. ಹಾವು ಅವನದು, ದುಡ್ಡೂ ಅವನದು, ತಿಳಿವಳಿಕೆಯೂ ಅವನದೇ ಹೆಚ್ಚು. ನನ್ನ ಹತ್ತಿರ ಇದ್ದದ್ದು ನೋಟುಬುಕ್ಕು ಮಾತ್ರ. ಮರುದಿನ ತೂಗಿದೆ: 1,150. ಲೆಕ್ಕಪತ್ರದಲ್ಲಿ ಒಂದು ನಮೂದು ವಿಚಿತ್ರವಾಗಿ ಕಂಡರೆ ಅದನ್ನು ಇನ್ನೊಂದು ಪುಸ್ತಕದ ಜೊತೆ ತಾಳೆ ನೋಡು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಇಲ್ಲಿ ಹಿಕ್ಕೆ, ತೂಕ ಎರಡೂ ಒಂದೇ ಮಾತು ಹೇಳುತ್ತಿದ್ದವು. ಮತ್ತೆ ಫೋನು ಮಾಡಿ ಎರಡು ಅಂಕಣವನ್ನೂ ಓದಿ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಹೋಗು" ಅಂದ.

ಡಬ್ಬಿಯಲ್ಲಿ ಹಿಕ್ಕೆ, ಬಟ್ಟೆಯ ಚೀಲದಲ್ಲಿ ಹಾವು. ರಿಕ್ಷಾದವನಿಗೆ ಏನೂ ಹೇಳಲಿಲ್ಲ. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಳುವಿನ ಮೊಟ್ಟೆಗಳಿದ್ದವು. ತೂಕಕ್ಕೆ ತಕ್ಕ ಔಷಧಿ ಕೊಟ್ಟು, ನೋಟುಬುಕ್ಕನ್ನು ಮೊದಲ ಪುಟದಿಂದ ಓದಿದರು.

ಅಸಹ್ಯ ಅನ್ನುವುದು ನೋಡುವವನ ಕಣ್ಣಿನದು, ಹಾವಿನದಲ್ಲ. ಕೂಸಿನ ಲಂಗೋಟಿಯ ಬಣ್ಣ ನೋಡಿಯೇ "ಮಗೀಗೆ ಥಂಡಿ ಆಯ್ತ್" ಅನ್ನುತ್ತಿದ್ದ ನಮ್ಮ ಅಜ್ಜಿಗೆ ಇದು ಹೊಸ ವಿದ್ಯೆಯೇನಲ್ಲ. ಕೊನೆಗೊಂದು ದಿನ ಅವರಿಗೆ ಎಲ್ಲ ಹೇಳಿದೆ. ಅವರು ಮುಖ ಸಿಂಡರಿಸಲಿಲ್ಲ. ಕೇಳಿದ್ದು ಒಂದೇ: "ಈಗ ಬೆಳಿ ಬಣ್ಣ ಸಮಾ ಬತ್ತಾ?"

ಬರುತ್ತಿದೆ. ಮೇ ತಿಂಗಳ ಕೊನೆಗೆ ತೂಕ 1,210 ಗ್ರಾಂ.